ಮೇಲೆ ಥಳುಕು, ಒಳಗೆ ಹುಳುಕು: ಟ್ರೈಲರ್ ಕೊಳ್ಳೋ ಮುಂಚೆ ಸೂರು ನೋಡಿ

(1/10)
ಮೊದಲ ಫೋಟೊದಲ್ಲಿರೋ ಕಂದು ಕಲೆ ನೋಡಿದ್ರಾ? ಯಾರೋ ಕಾಫಿ ಚೆಲ್ಲಿದ್ದಲ್ಲ. ಅದು ನಮ್ಮ ಟ್ರಾವೆಲ್ ಟ್ರೈಲರ್‌ನ ಚಾವಣಿ. ಬೆರಳಿಟ್ಟು ಒತ್ತಿದ್ರೆ ನೆನೆದ ರಸ್ಕ್ ಥರ ಒಳಗೆ ಹೋಗುತ್ತೆ.

ಹಾಸನದ ನನ್ನ ಹಳೇ ಕ್ಲಾಸ್‌ಮೇಟ್‌ಗಳಿಗೆ ಒಂದು ಮಾತು: ಟ್ರಾವೆಲ್ ಟ್ರೈಲರ್ ಅಂದ್ರೆ ಇಂಜಿನ್ ಇಲ್ಲದ, ಚಕ್ರ ಇರೋ ಪುಟ್ಟ ಮನೆ. ಹಾಸಿಗೆ, ಸ್ಟೌವ್, ಬಚ್ಚಲು ಎಲ್ಲಾ ಇರುತ್ತೆ. ಪಿಕಪ್ ಟ್ರಕ್ಕಿಗೆ ಕಟ್ಟಿ ಎಳ್ಕೊಂಡು ಹೋಗೋದು. ಇಲ್ಲಿ ಮಿಷಿಗನ್‌ನಲ್ಲಿ ಬೇಸಿಗೆ ಬಂದ್ರೆ ಹೈವೇ ತುಂಬಾ ಇವೇ.

ನಾವು 2022ರ ಜೂನ್‌ನಲ್ಲಿ ಹೊಚ್ಚಹೊಸದು ತಗೊಂಡ್ವಿ. 28 ಅಡಿ. ಸಾಲ 12 ವರ್ಷದ್ದು. ಅಂದ್ರೆ 2034ರವರೆಗೆ ಅಪ್ಪ ಕಂತು ಕಟ್ಟಬೇಕು. 2023ರ ಆಗಸ್ಟ್‌ನಲ್ಲಿ ಟಕ್ವಾಮೆನನ್ ಜಲಪಾತದ ಹತ್ರ ಕ್ಯಾಂಪ್ ಮಾಡಿದ್ವಿ. ಮರದ ಟ್ಯಾನಿನ್ ಸೇರಿ ಅಲ್ಲಿಯ ನೀರು ಡಿಕಾಕ್ಷನ್ ಬಣ್ಣಕ್ಕಿರುತ್ತೆ, ಅಜ್ಜಿಗೆ ತೋರಿಸ್ಬೇಕು ಅಂತ ಅಮ್ಮನ ಆಸೆ. ರಾತ್ರಿ 2 ಗಂಟೆಗೆ ಮಳೆ ಬಂತು. ಅಜ್ಜಿ ಎದ್ದು ಕೂತು ಕೇಳಿದ್ದು ಒಂದೇ ಮಾತು: "ಇದು ಹೊಸದು ಅಂದ್ರಲ್ಲೋ?"

ಹತ್ತು ಫೋಟೊ, ಹತ್ತು ಕ್ಯಾಪ್ಷನ್. ಪೂರ್ತಿ ಓದಿ. ನಮ್ಮ ಭಾನುವಾರದ ಕನ್ನಡ ಕ್ಲಾಸ್‌ನಲ್ಲೇ ಇಬ್ಬರ ಮನೆಯವರು ಮುಂದಿನ ಶನಿವಾರ ಟ್ರೈಲರ್ ನೋಡೋಕೆ ಹೋಗ್ತಿದ್ದಾರೆ. ಅದಕ್ಕೇ ಈ ಜಗಳ.

(2/10)
ಮೊದಲು ನನ್ನ ಮೇಲೆ ನಾನೇ ಕಂಪ್ಲೇಂಟ್ ಕೊಡ್ತೀನಿ.

ಆ ಟ್ರೈಲರ್ ಆರಿಸಿದ್ದು ಅಪ್ಪ ಅಲ್ಲ. ನಾನು ಮತ್ತು ನನ್ನ ತಮ್ಮ. ಅಪ್ಪ ಪಕ್ಕದಲ್ಲಿದ್ದ ಚಿಕ್ಕದನ್ನ ನೋಡ್ತಿದ್ರು. ನಾವು ಕೈ ಹಿಡಿದು ಎಳ್ಕೊಂಡು ಬಂದ್ವಿ. ಯಾಕೆ ಗೊತ್ತಾ? ಇದರಲ್ಲಿ ಎಲೆಕ್ಟ್ರಿಕ್ ಅಗ್ಗಿಷ್ಟಿಕೆ ಇತ್ತು. ಹೊರಗಡೆ ಟಿವಿ ಇತ್ತು. ಬಟನ್ ಒತ್ತಿದ್ರೆ ನೀಲಿ ಎಲ್‌ಇಡಿ ಹತ್ತುತ್ತಿತ್ತು. ಗೋಡೆ ಹೊರಕ್ಕೆ ಜಾರಿ ಕೋಣೆ ದೊಡ್ಡದಾಗ್ತಿತ್ತು. ನಾನು ಅಲ್ಲೇ ನಿಂತು ಸ್ಟೋರಿ ಹಾಕಿದ್ದೆ, ನಿಮ್ಮಲ್ಲಿ ಎಷ್ಟೋ ಜನ ಹಾರ್ಟ್ ಒತ್ತಿದ್ರಿ.

ಚಾವಣಿ ಮೇಲೆ ಹತ್ತಿ ನೋಡಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಏಣಿ ಕೇಳಿದವರೂ ಇಲ್ಲ.

ಸಕಲೇಶಪುರದಲ್ಲಿ ನಮ್ಮ ತಾತ ಹೊಸ ಮನೆ ನೋಡೋಕೆ ಹೋದ್ರೆ ಬಾಗಿಲ ಪಾಲಿಶ್ ನೋಡ್ತಿರಲಿಲ್ಲ. ಒಳಗೆ ಹೋಗಿ ಕತ್ತು ಎತ್ತಿ ಸೂರು ನೋಡ್ತಿದ್ರು. ಮಲೆನಾಡಿನವರಿಗೆ ಇದನ್ನ ಹೇಳಿಕೊಡಬೇಕಾ? ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸೋ ಕುಟುಂಬದಲ್ಲಿ ಹುಟ್ಟಿ, ಅಮೆರಿಕಕ್ಕೆ ಬಂದು ಎಲ್‌ಇಡಿ ನೋಡಿ ಮರುಳಾದ್ವಿ.

ಅದಕ್ಕೇ ಈ ಸರಣಿ ಅಪ್ಪ ಅಮ್ಮಂದಿರಿಗಲ್ಲ, ನಮಗೆ. ಶೋರೂಮ್‌ನಲ್ಲಿ "ಇದೇ ಬೇಕು" ಅಂತ ಹಟ ಮಾಡೋದು ನಾವು. ಹಟ ಮಾಡೋದಾದ್ರೆ ಸರಿಯಾದ್ದಕ್ಕೆ ಮಾಡೋಣ.

(3/10)
ಈ ಫೋಟೊ ಇಂಡಿಯಾನಾದ ಎಲ್ಕಾರ್ಟ್‌ನದ್ದು. ನಮ್ಮ ಮನೆಯಿಂದ ಮೂರು ಗಂಟೆ ಡ್ರೈವ್. ಅಮೆರಿಕದಲ್ಲಿ ತಯಾರಾಗೋ ಆರ್‌ವಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಆ ಊರಿನ ಸುತ್ತಮುತ್ತಲೇ ಆಗೋದು. ಅಲ್ಲಿ ಆರ್‌ವಿಗಳದ್ದೇ ಒಂದು ಮ್ಯೂಸಿಯಂ ಇದೆ. ಹೋದ ತಿಂಗಳು ಹೋಗಿದ್ವಿ. ಹಳೇ ಕಾಲದ ಟ್ರೈಲರ್‌ಗಳು ಇನ್ನೂ ನಿಂತಿರೋದನ್ನ ಅಪ್ಪ ಸುಮ್ಮನೆ ನೋಡ್ತಾ ನಿಂತ್ರು. ನನಗೆ ಹೊಟ್ಟೆ ಚುರುಕ್ ಅಂತು.

ಲಾಕ್‌ಡೌನ್ ಆದಮೇಲೆ ಎಲ್ಲರಿಗೂ ಕ್ಯಾಂಪಿಂಗ್ ಹುಚ್ಚು ಹಿಡೀತು. 2021ರಲ್ಲಿ ಕಾರ್ಖಾನೆಗಳಿಂದ ಹೊರಟ ಆರ್‌ವಿಗಳು 6,00,240. ಅದು ದಾಖಲೆ. 2023ಕ್ಕೆ ಅದು 3,13,174ಕ್ಕೆ ಇಳೀತು. ಸುಮಾರು ಅರ್ಧ. ಆ ಭರಾಟೆಯ ವರ್ಷಗಳಲ್ಲಿ ಎಷ್ಟು ಆತುರದಲ್ಲಿ ಕೆಲಸ ನಡೆದಿರಬಹುದು, ನೀವೇ ಯೋಚಿಸಿ. ಅಲ್ಲಿಯ ಬಹಳಷ್ಟು ಕಾರ್ಖಾನೆಗಳಲ್ಲಿ ಕೂಲಿ ಗಂಟೆ ಲೆಕ್ಕ ಅಲ್ಲ, ಎಷ್ಟು ಟ್ರೈಲರ್ ಮುಗಿಸಿದ್ರು ಅನ್ನೋ ಲೆಕ್ಕ. ಕೆಲಸದವರನ್ನ ಬೈಯ್ಯೋಕೆ ನಾನು ಬಂದಿಲ್ಲ. ಬೇಗ ಮುಗಿಸಿದವನಿಗೆ ಕಾಸು ಅಂದ್ರೆ ಯಾರಾದ್ರೂ ಬೇಗನೇ ಮುಗಿಸ್ತಾರೆ. ತಪ್ಪು ಆ ಲೆಕ್ಕದ್ದು.

ಇನ್ನೊಂದು ಭ್ರಮೆ ಬ್ರ್ಯಾಂಡ್‌ದು. ಶೋರೂಮ್‌ನಲ್ಲಿ ಇಪ್ಪತ್ತು ಹೆಸರು ಕಾಣ್ತವೆ, ಮಾಲೀಕರು ಕೆಲವೇ. ಏರ್‌ಸ್ಟ್ರೀಮ್, ಜೇಕೊ, ಕೀಸ್ಟೋನ್ ಮೂರೂ ಥಾರ್ ಕಂಪನಿಯವೇ. ಫಾರೆಸ್ಟ್ ರಿವರ್ 2005ರಿಂದ ಬರ್ಕ್‌ಶೈರ್ ಹ್ಯಾಥವೇದು. ಹಾಗಾಗಿ "ಯಾವ ಬ್ರ್ಯಾಂಡ್ ಒಳ್ಳೇದು?" ಅಂತ ಡಿಎಂ ಮಾಡ್ಬೇಡಿ. "ಇದನ್ನ ಹೇಗೆ ಕಟ್ಟಿದ್ದಾರೆ?" ಅಂತ ಕೇಳಿ.

(4/10)
ಕಟ್ಟೋ ವಿಧಾನ ಮುಖ್ಯವಾಗಿ ನಾಲ್ಕು. ನೆನಪಿಟ್ಕೊಳ್ಳಿ.

ಒಂದು: ಮರದ ಚೌಕಟ್ಟು, ಹೊರಗೆ ತೆಳು ಅಲ್ಯೂಮಿನಿಯಂ ತಗಡು. ಅಗ್ಗ. ರಿಪೇರಿ ಸುಲಭ. ಆದ್ರೆ ನೀರು ಒಳಗೆ ಹೋದ್ರೆ ಮರ ಕೊಳೆಯುತ್ತೆ, ಹೊರಗಿಂದ ಗೊತ್ತೇ ಆಗಲ್ಲ.

ಎರಡು: ಅಲ್ಯೂಮಿನಿಯಂ ಚೌಕಟ್ಟು, ಫೋಮ್, ತೆಳು ಪ್ಲೈವುಡ್, ಫೈಬರ್‌ಗ್ಲಾಸ್ ಎಲ್ಲಾ ಅಂಟಿಸಿದ ಗೋಡೆ. ನುಣುಪಾಗಿ ಕಾಣುತ್ತೆ. ನೀರು ಸೇರಿದ್ರೆ ಅಂಟು ಬಿಟ್ಟು ಗೋಡೆ ಗುಳ್ಳೆ ಏಳುತ್ತೆ, ಇದಕ್ಕೆ ಡಿಲ್ಯಾಮಿನೇಷನ್ ಅಂತಾರೆ. ಸರಿ ಮಾಡೋದು ಭಾರೀ ಖರ್ಚು. ನಮ್ಮದು ಇದೇ ಜಾತಿ. ಕೆಲವರು ಪ್ಲೈವುಡ್ ಬದಲು ಆಜ್ಡೆಲ್ ಅನ್ನೋ ಸಂಯುಕ್ತ ಹಾಳೆ ಹಾಕ್ತಾರೆ, ಅದು ಕೊಳೆಯಲ್ಲ. "ಗೋಡೆಯಲ್ಲಿ ಆಜ್ಡೆಲ್ ಇದೆಯಾ?" ಇದು ಕೇಳಲೇಬೇಕಾದ ಪ್ರಶ್ನೆ.

ಮೂರು: ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್‌ಗ್ಲಾಸ್. ಎರಡು ಚಿಪ್ಪು ಜೋಡಿಸಿದ ಮೊಟ್ಟೆ ಥರ. 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಬೋಲರ್ ಅಂತ ಶುರುವಾಯ್ತು. ಮಿನೆಸೋಟಾದ ಸ್ಕ್ಯಾಂಪ್, ಟೆಕ್ಸಸ್‌ನ ಕಸೀಟಾ ಇದೇ ದಾರಿಯವು. ಜೋಡಣೆ ಕಡಿಮೆ, ಸೋರೋ ಜಾಗವೂ ಕಡಿಮೆ. ಆದ್ರೆ ಚಿಕ್ಕದು. ಐದು ಜನಕ್ಕೆ ಇಕ್ಕಟ್ಟು, ಸುಳ್ಳು ಹೇಳಲ್ಲ.

ನಾಲ್ಕು: ರಿವೆಟ್ ಹೊಡೆದ ಅಲ್ಯೂಮಿನಿಯಂ ಚಿಪ್ಪು. ವಾಲಿ ಬಯಮ್ 1931ರಲ್ಲಿ ಶುರು ಮಾಡಿದ ಏರ್‌ಸ್ಟ್ರೀಮ್. ಬೆಲೆ ಕೇಳಿದ್ರೆ ತಲೆ ತಿರುಗುತ್ತೆ. ಅದೂ ದೇವರಲ್ಲ, ಹಳೇ ಏರ್‌ಸ್ಟ್ರೀಮ್‌ಗಳ ಪ್ಲೈವುಡ್ ನೆಲ ಕೊಳೆತದ್ದನ್ನ ಕಿತ್ತು ಹೊಸದು ಹಾಕೋರು ಬೇಕಾದಷ್ಟಿದ್ದಾರೆ.

ನೋಡಿ, ನಾಲ್ಕರಲ್ಲೂ ಶತ್ರು ಒಬ್ಬನೇ. ನೀರು.

(5/10)
ನೀರು ಎಲ್ಲಿಂದ ಬರುತ್ತೆ? ತೂತಿಂದ. ಇಷ್ಟೇ ವಿಜ್ಞಾನ.

ಚಾವಣಿ ಮೇಲೆ ಫ್ಯಾನ್‌ಗೆ ಒಂದು ತೂತು. ಎಸಿಗೆ ಒಂದು. ಬಚ್ಚಲ ಪೈಪಿಗೆ, ಆಂಟೆನಾಗೆ, ಬೆಳಕಿನ ಕಿಂಡಿಗೆ ಒಂದೊಂದು. ಗೋಡೆಯಲ್ಲಿ ಕಿಟಕಿ, ಬಾಗಿಲು. ಇವೆಲ್ಲದರ ಸುತ್ತ ಸೀಲಂಟ್ ಹಾಕಿರ್ತಾರೆ. ಬಿಸಿಲಿಗೆ ಅದು ಒಣಗುತ್ತೆ. ಮಿಷಿಗನ್ ಚಳಿಗೆ ಕುಗ್ಗಿ ಬಿರುಕು ಬಿಡುತ್ತೆ. ಹೈವೇಯಲ್ಲಿ ಇಡೀ ಟ್ರೈಲರ್ ಅಲುಗಾಡುತ್ತೆ, ದಿನಾ ಸಣ್ಣ ಭೂಕಂಪ ಅನ್ಕೊಳ್ಳಿ.

ಈಗ ಆ ಜಾರೋ ಗೋಡೆ ನೆನಪಿಸ್ಕೊಳ್ಳಿ. ಸ್ಲೈಡ್‌ಔಟ್. ಅದು ಗೋಡೆಯಲ್ಲಿ ಕೊರೆದ ಅತಿ ದೊಡ್ಡ ತೂತು, ಜೊತೆಗೆ ಮೋಟರ್, ರಬ್ಬರ್ ಅಂಚು, ಹೆಚ್ಚುವರಿ ತೂಕ. ಚೆನ್ನಾಗಿ ಮಾಡಿದ್ರೆ ಬಾಳುತ್ತೆ, ಒಪ್ತೀನಿ. ಆದ್ರೆ ಪ್ರತಿ ಸ್ಲೈಡ್‌ಔಟ್ ಇನ್ನೊಂದು ಸೂರು ಇದ್ದ ಹಾಗೆ. ನೋಡ್ಕೊಳ್ಳೋಕೆ ತಾಕತ್ತಿದ್ರೆ ಮಾತ್ರ ತಗೊಳ್ಳಿ.

ಶೋರೂಮ್‌ನಲ್ಲಿ ಏಣಿ ಕೇಳಿ. ಮೇಲೆ ಹತ್ತೋಕೆ ಬಿಡಲ್ಲ ಅಂದ್ರೆ ಏಣಿ ಮೇಲೆ ನಿಂತೇ ಫೋಟೊ ತೆಗೀರಿ. ಚಾವಣಿಯ ಮೇಲ್ಪದರ ಇಪಿಡಿಎಂ ರಬ್ಬರಾ, ಟಿಪಿಒನಾ, ಪಿವಿಸಿನಾ, ಫೈಬರ್‌ಗ್ಲಾಸಾ ಕೇಳಿ. ಒಳಗೆ ಕಪಾಟುಗಳ ಮೂಲೆಗೆ ಮೂಗು ಹಾಕಿ, ಮುಗ್ಗಲು ವಾಸನೆ ಬಂದ್ರೆ ಮುಗೀತು. ಕಿಟಕಿ ಕೆಳಗೆ, ಬಚ್ಚಲ ಪಕ್ಕ ನೆಲದ ಮೇಲೆ ಹಿಮ್ಮಡಿ ಊರಿ ಒತ್ತಿ. ಮೆತ್ತಗಿದ್ರೆ ಹೊರಗೆ ಬನ್ನಿ. ತೇವ ಅಳೆಯೋ ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ, ನಮ್ಮ ಒಂದು ಕಂತಿನ ಮುಂದೆ ಅದರ ಬೆಲೆ ಏನೂ ಅಲ್ಲ.

(6/10)
"ಬಾಗಿಲ ಪಕ್ಕ ಆರ್‌ವಿಐಎ ಸೀಲ್ ಇದೆ ಸರ್, ಕ್ವಾಲಿಟಿ ಗ್ಯಾರಂಟಿ." ನಮಗೆ ಮಾರಿದವರು ಹೇಳಿದ ಮಾತು. ಅಪ್ಪ ತಲೆ ಆಡಿಸಿದ್ರು.

ಆ ಸೀಲ್ ಹೇಳೋದು ಬೇರೆ. ವೈರಿಂಗ್, ಗ್ಯಾಸ್, ಕೊಳಾಯಿ, ಬೆಂಕಿಯ ಸುರಕ್ಷತೆಯ ನಿಯಮ ಪಾಲಿಸಿದ್ದೀವಿ ಅಂತ. ಅದು ಬೇಕೇ ಬೇಕು. ಆದ್ರೆ ಕಪಾಟಿನ ಸ್ಕ್ರೂ ನಿಲ್ಲುತ್ತಾ, ಚಾವಣಿ ಸೋರುತ್ತಾ, ಹತ್ತು ವರ್ಷ ಬಾಳುತ್ತಾ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಡ್ರೈವಿಂಗ್ ಲೈಸೆನ್ಸ್ ತೋರಿಸಿ "ನಾನು ಒಳ್ಳೇ ಮನುಷ್ಯ" ಅಂದ ಹಾಗೆ.

ಸೀಲ್, ಸ್ಟಿಕ್ಕರ್ ನಂಬಿ ಸುಮ್ಮನಿದ್ರೆ ಏನಾಗುತ್ತೆ ಅನ್ನೋದಕ್ಕೆ ಇತಿಹಾಸ ಇದೆ. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಮೇಲೆ ಮನೆ ಕಳ್ಕೊಂಡವರನ್ನ ಸರ್ಕಾರ ಸಾವಿರಾರು ಟ್ರಾವೆಲ್ ಟ್ರೈಲರ್‌ಗಳಲ್ಲಿ ಇರಿಸ್ತು. ಜನ ಕೆಮ್ಮು, ಕಣ್ಣುರಿ, ತಲೆನೋವು ಅಂದ್ರು. 2008ರಲ್ಲಿ ಸಿಡಿಸಿ ಪರೀಕ್ಷೆಯ ಫಲಿತಾಂಶ ಬಂತು: ಒಳಗಿನ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಸಾಮಾನ್ಯ ಮನೆಗಳಿಗಿಂತ ಬಹಳ ಹೆಚ್ಚು. ಅದು ಅಗ್ಗದ ಪ್ಲೈವುಡ್, ಪಾರ್ಟಿಕಲ್‌ಬೋರ್ಡ್ ಅಂಟಿನಿಂದ ಬರೋ ಅನಿಲ. ಆಮೇಲೆ ಮರದ ಹಾಳೆಗಳಿಗೆ ಕಾನೂನು ಬಿಗಿಯಾಯ್ತು. ಆದ್ರೆ ಮೊದಲು ಕೆಮ್ಮಿದ್ದು ಬಡವರ ಮಕ್ಕಳು.

ನನ್ನ ತಮ್ಮನಿಗೆ ಉಬ್ಬಸ ಇದೆ. ಸೋರಿದ ಮೇಲೆ ಅವನ ಬಂಕ್ ಹಿಂದೆ ಬೂಷ್ಟು ಹಿಡಿದಿತ್ತು. ಅವನು ರಾತ್ರಿ ಇನ್‌ಹೇಲರ್ ಹಿಡ್ಕೊಂಡು ಕೂತಿದ್ದನ್ನ ನೋಡಿದ ಮೇಲೂ ನಾನು "ಎಲ್‌ಇಡಿ ಚೆನ್ನಾಗಿದೆ" ಅನ್ನಲಾ?

(7/10)
ಈಗ ಲೆಕ್ಕ. ಬೋರ್ ಅಂತ ಸ್ವೈಪ್ ಮಾಡ್ಬೇಡಿ, ಇದು ಜೀವದ ಪ್ರಶ್ನೆ.

ಜಾಹೀರಾತಲ್ಲಿ ಟ್ರಕ್ಕು 10,000 ಪೌಂಡ್ ಎಳೆಯುತ್ತೆ ಅಂತಾರೆ. ಎಳೆಯೋದು ಬೇರೆ, ಹೊರೋದು ಬೇರೆ. ಟ್ರೈಲರ್‌ನ ಒಟ್ಟು ತೂಕದಲ್ಲಿ ಸುಮಾರು 10ರಿಂದ 15% ಟ್ರಕ್ಕಿನ ಹಿಂದಿನ ಕೊಂಡಿ ಮೇಲೆ ಕೂರುತ್ತೆ. ಟ್ರೈಲರ್ ತುಂಬಿದಾಗ 7,000 ಪೌಂಡ್ ಅಂದ್ಕೊಳ್ಳಿ. ಕೊಂಡಿ ಮೇಲೆ 700ರಿಂದ 1,050. ಮಧ್ಯದ್ದು 850 ಇಟ್ಕೊಳ್ಳಿ. ಟ್ರಕ್ಕಿನ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ "ಜನ, ಸಾಮಾನು ಸೇರಿ 1,500 ದಾಟಬಾರದು" ಅನ್ನುತ್ತೆ ಅಂದ್ಕೊಳ್ಳಿ. ಅಜ್ಜಿ ಸೇರಿ ಐದು ಜನ 700 ಪೌಂಡ್. 700 ಕೂಡಿಸು 850, ಆಯ್ತು 1,550. ಇನ್ನೂ ಕುಕ್ಕರ್, ಅಕ್ಕಿ ಚೀಲ ಟ್ರಕ್ಕಿಗೆ ಹಾಕೇ ಇಲ್ಲ, ಆಗಲೇ ದಾಟಿದ್ವಿ.

ಟ್ರೈಲರ್ ಒಳಗಿನದ್ದೂ ಲೆಕ್ಕ ಇದೆ. ಬಾಗಿಲ ಹತ್ರ ಹಳದಿ ಲೇಬಲ್ ಇರುತ್ತೆ, ಎಷ್ಟು ಸಾಮಾನು ಹಾಕಬಹುದು ಅಂತ. ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್. 40 ಗ್ಯಾಲನ್ ಟ್ಯಾಂಕ್ ತುಂಬಿದ್ರೆ 330 ದಾಟಿತು. "ಡ್ರೈ ವೇಟ್" ಅನ್ನೋ ಅಂಕಿ ಖಾಲಿ ಟ್ರೈಲರ್‌ದು. ಖಾಲಿ ಟ್ರೈಲರ್‌ನಲ್ಲಿ ಯಾವ ಕುಟುಂಬವೂ ಕ್ಯಾಂಪ್ ಮಾಡಲ್ಲ.

ಭಾರ ಜಾಸ್ತಿಯಾದ, ಹಿಂಭಾಗಕ್ಕೆ ತೂಕ ವಾಲಿದ ಟ್ರೈಲರ್ ಹೈವೇಯಲ್ಲಿ ಬಾಲ ಅಲ್ಲಾಡಿಸೋಕೆ ಶುರು ಮಾಡಿದ್ರೆ ಟ್ರಕ್ಕನ್ನೂ ಎಳ್ಕೊಂಡು ಹೋಗುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ.

(8/10)
ಟೈರ್ ಫೋಟೊ ಯಾಕೆ ಹಾಕಿದೆ ಅಂತೀರಾ? ಪಕ್ಕದ ಗೋಡೆಯಲ್ಲಿ ಡಿಒಟಿ ಅಂತ ಶುರುವಾಗೋ ಸಾಲು ನೋಡಿ. ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನ. 2319 ಅಂದ್ರೆ 2019ರ 23ನೇ ವಾರ. ಟ್ರೈಲರ್ ಟೈರ್ ಸವೆದೇ ಸಾಯ್ಬೇಕು ಅಂತಿಲ್ಲ. ಬಿಸಿಲಲ್ಲಿ ನಿಂತು ನಿಂತು ಮುದಿಯಾಗುತ್ತೆ. ಐದಾರು ವರ್ಷಕ್ಕೆ ಬದಲಾಯಿಸಿ, ಅಚ್ಚು ಹೊಸದಾಗಿ ಕಂಡ್ರೂ. ಎಷ್ಟೋ ಟ್ರೈಲರ್ ಟೈರ್‌ಗಳ ಮಿತಿ ಗಂಟೆಗೆ 65 ಮೈಲಿ. ಅದಕ್ಕಿಂತ ಹೆಚ್ಚಿಗೆ ಮಾಡಿದ್ದಾದ್ರೆ ಟೈರ್ ಮೇಲೇ ವೇಗದ ಅಕ್ಷರ ಇರುತ್ತೆ, ಎಲ್ ಅಂದ್ರೆ 75. "ಎಲ್ಲರೂ 75ರಲ್ಲಿ ಹೋಗ್ತಾರೆ" ಅಂತ ಅಪ್ಪನ್ನ ಅವಸರ ಮಾಡೋ ಮುಂಚೆ ಆ ಅಕ್ಷರ ನೋಡಿ.

ಟೈರ್‌ನಷ್ಟೇ ನಿಜವಾದ ಇನ್ನೊಂದು ಮಾತು: ನಾವು ಎಲ್ಲಿಗೆ ಹೋಗ್ತೀವಿ? ಸ್ಮೋಕಿ ಪರ್ವತದ ಎಲ್ಕ್‌ಮಾಂಟ್, ಕೇಡ್ಸ್ ಕೋವ್ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕರೆಂಟ್ ಪ್ಲಗ್ಗೇ ಇಲ್ಲ. ಅಲ್ಲಿ ನಮ್ಮ ಎಲೆಕ್ಟ್ರಿಕ್ ಅಗ್ಗಿಷ್ಟಿಕೆ ಒಂದು ಕಪ್ಪು ಡಬ್ಬ. ಹೊರಗಡೆ ಟಿವಿ ಇನ್ನೊಂದು ಕಪ್ಪು ಡಬ್ಬ. ನ್ಯಾಷನಲ್ ಪಾರ್ಕುಗಳ ಹಳೇ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ತಿರುವು ಚಿಕ್ಕದು, ಜಾಗ ಚಿಕ್ಕದು, ಟ್ರೈಲರ್ ಉದ್ದಕ್ಕೆ ಮಿತಿ ಇರುತ್ತೆ. ದೊಡ್ಡದು ತಗೊಂಡಷ್ಟೂ ಕಾಡು ದೂರ, ಪಾರ್ಕಿಂಗ್ ಲಾಟ್ ಹತ್ರ. ಕಾಡು ನೋಡೋಕೆ ಅಂತ ಸಾಲ ಮಾಡಿ, ಕಾಡಿಗೆ ಹಿಡಿಸದ ಮನೆ ಕೊಂಡ ಬುದ್ಧಿವಂತರು ನಾವು.

(9/10)
ಈಗ ನಿಮ್ಮ ವಾದ. ಸ್ಟೋರಿಗೆ ಬಂದ ರಿಪ್ಲೈಗಳಿಗೆಲ್ಲ ಇಲ್ಲೇ ಉತ್ತರ.

"ಹೊಸದಕ್ಕೆ ವಾರಂಟಿ ಇರುತ್ತಲ್ವಾ?" ಇರುತ್ತೆ, ಬಹುತೇಕ ಒಂದು ವರ್ಷ. ನಮ್ಮದು ಸೋರಿದ್ದು 14ನೇ ತಿಂಗಳು. ಮಾರಿದವರು ಹೇಳಿದ್ದು: "ಸೀಲಂಟ್ ಪರೀಕ್ಷೆ ಮಾಡೋದು ಮಾಲೀಕರ ಹೊಣೆ, ಪುಸ್ತಕದಲ್ಲಿದೆ." ಪುಸ್ತಕ ತೆಗೆದು ನೋಡಿದ್ವಿ. ನಿಜ, ಇತ್ತು. ನಾವು ಓದಿರಲಿಲ್ಲ. ಆ ತಪ್ಪು ನಮ್ಮದೇ, ಒಪ್ತೀನಿ. ಆದ್ರೆ ಅಗ್ಗಿಷ್ಟಿಕೆ ಬಗ್ಗೆ ಅರ್ಧ ಗಂಟೆ ಮಾತಾಡಿದವರಿಗೆ ಸೀಲಂಟ್ ಬಗ್ಗೆ ಅರ್ಧ ನಿಮಿಷ ಇರಲಿಲ್ವಾ?

"ಲೆಮನ್ ಲಾ ಇದೆಯಲ್ಲ?" ಕಾರಿಗಿದೆ. ಎಳೆಯೋ ಟ್ರೈಲರ್‌ಗಳನ್ನ ಹಲವು ರಾಜ್ಯಗಳ ಕಾನೂನು ಹೊರಗಿಟ್ಟಿದೆ. ನಿಮ್ಮ ರಾಜ್ಯದ್ದು ಕೊಳ್ಳೋ ಮುಂಚೆ ಓದಿ, ಆಮೇಲೆ ಅಲ್ಲ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

"ಹಳೇದು ತಗೊಂಡ್ರೆ ಹಳೇ ಸಮಸ್ಯೆ ಬರುತ್ತೆ." ಬರಬಹುದು. ಆದ್ರೆ ಐದಾರು ಚಳಿಗಾಲ ದಾಟಿಯೂ ಒಣಗಿರೋ ಟ್ರೈಲರ್ ಪರೀಕ್ಷೆ ಪಾಸ್ ಮಾಡಿ ಬಂದಿದೆ. ಹೊಸದು ಇನ್ನೂ ಪರೀಕ್ಷೆಗೇ ಕೂತಿಲ್ಲ. ಬೆಲೆಯ ದೊಡ್ಡ ಇಳಿತವನ್ನೂ ಮೊದಲ ಮಾಲೀಕ ಹೊತ್ತಿರ್ತಾನೆ. ಮಾರೋರಿಗೆ ಸಂಬಂಧ ಇಲ್ಲದ, ಸರ್ಟಿಫಿಕೇಟ್ ಇರೋ ಆರ್‌ವಿ ಇನ್‌ಸ್ಪೆಕ್ಟರ್‌ಗಳು ಸಿಗ್ತಾರೆ, ಕರೆಸಿ. ಎನ್‌ಎಚ್‌ಟಿಎಸ್‌ಎ ಸೈಟ್‌ನಲ್ಲಿ ರಿಕಾಲ್ ಇದೆಯಾ ಅಂತ ಪುಕ್ಕಟೆ ಗೊತ್ತಾಗುತ್ತೆ.

"ಇಷ್ಟೆಲ್ಲ ಯಾಕೆ, ಟೆಂಟ್ ಸಾಕು." ಸಾಕಾದ್ರೆ ಬಹಳ ಒಳ್ಳೇದು! ಅಜ್ಜಿಗೆ ಮಂಡಿ ನೋವು, ನೆಲದಲ್ಲಿ ಮಲಗಿದ್ರೆ ಏಳೋಕಾಗಲ್ಲ, ಅದಕ್ಕೆ ನಮಗೆ ಟ್ರೈಲರ್ ಬೇಕಾಯ್ತು. ನಿಮಗೆ ಅಂಥ ಕಾರಣ ಇಲ್ಲದಿದ್ರೆ ಟೆಂಟ್ ತಗೊಳ್ಳಿ. ಇದ್ರೆ ಮೊದಲು ಎರಡು ವೀಕೆಂಡ್ ಬಾಡಿಗೆಗೆ ತಗೊಂಡು ನೋಡಿ.

"ಕನ್ನಡ ಕೂಟದ ಪಿಕ್ನಿಕ್‌ಗೆ ಎಲ್ಲರೂ ದೊಡ್ಡದು ತರ್ತಾರೆ." ಇದೊಂದಕ್ಕೆ ಉತ್ತರ ಕೊಡಲ್ಲ. ನಿಮಗೇ ನಾಚಿಕೆ ಆಗ್ಲಿ.

(10/10)
ಕೊನೆಯ ಫೋಟೊ ಅಪ್ಪಂದು. ಏಣಿ ಮೇಲೆ, ಕೈಯಲ್ಲಿ ಸೀಲಂಟ್ ಟ್ಯೂಬ್. ಕೊಳೆತ ಭಾಗ ಕತ್ತರಿಸಿ ಹೊಸದು ಹಾಕ್ಸಿದ್ವಿ. ಬೇಸಿಗೆಯ ಎರಡು ಟ್ರಿಪ್ಪಿನ ದುಡ್ಡು ಅದಕ್ಕೇ ಹೋಯ್ತು. ಈಗ ವರ್ಷಕ್ಕೆ ನಾಲ್ಕು ಸಲ ನಾವಿಬ್ರೂ ಚಾವಣಿ ನೋಡ್ತೀವಿ. ಅಪ್ಪ ಅದಕ್ಕೆ "ಹಂಚು ಕೈಯಾಡ್ಸೋದು" ಅಂತಲೇ ಹೆಸರಿಟ್ಟಿದ್ದಾರೆ. ನನ್ನನ್ನ ಒಂದು ಸಲವೂ ಬೈದಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಮಾರೋಣ ಅಂದ್ರೆ, ಈಗ ಇದಕ್ಕೆ ಸಿಗೋ ಬೆಲೆ ಉಳಿದಿರೋ ಸಾಲಕ್ಕಿಂತ ಕಡಿಮೆ. ಇಟ್ಕೊಳ್ಳೋಣ ಅಂದ್ರೆ ಕಂತು. ಈ ಸಿಕ್ಕಿಂದ ನಾವು ಬೇಗ ಹೊರಗೆ ಬರಲ್ಲ. ಸೋರಿಕೆ ಮುಚ್ಚಿಟ್ಟು ಇನ್ನೊಂದು ಕುಟುಂಬಕ್ಕೆ ದಾಟಿಸೋಕೆ ಅಪ್ಪ ಒಪ್ಪಲ್ಲ, ನಾನೂ ಒಪ್ಪಲ್ಲ.

ಅಜ್ಜಿ ಸಕಲೇಶಪುರಕ್ಕೆ ವಾಪಸ್ ಹೋದ್ರು. ಮೊನ್ನೆ ಫೋನಲ್ಲಿ ಕೇಳಿದ್ರು: "ಆ ಗಾಡಿ ಮನೆ ಈಗ ಸೋರುತ್ತಾ?" ಇಲ್ಲ ಅಂದೆ. "ಹಾಗಾದ್ರೆ ಮುಂದಿನ ವರ್ಷ ಬರ್ತೀನಿ, ಆ ಡಿಕಾಕ್ಷನ್ ಹೊಳೆ ಇನ್ನೊಂದ್ಸಲ ನೋಡ್ಬೇಕು."

ಶನಿವಾರ ಹೋಗ್ತಿರೋ ಇಬ್ಬರಿಗೆ, ನೀವು ಯಾರು ಅಂತ ನಿಮಗೆ ಗೊತ್ತು: ಅಪ್ಪ ಅಮ್ಮನ ಜೊತೆ ನೀವೂ ಹೋಗಿ. ಎಲ್‌ಇಡಿ ಬಟನ್ ಮುಟ್ಬೇಡಿ. ಏಣಿ ಕೇಳಿ. ಗೋಡೆ ಯಾವುದರದ್ದು ಕೇಳಿ. ಹಳದಿ ಲೇಬಲ್ ಓದಿ, ಟ್ರಕ್ಕಿನ ಬಾಗಿಲ ಸ್ಟಿಕ್ಕರ್ ಓದಿ, ಟೈರ್‌ನ ನಾಲ್ಕು ಅಂಕಿ ಓದಿ. ಅವತ್ತೇ ಸಹಿ ಹಾಕ್ಬೇಡಿ, "ಈ ಆಫರ್ ಇವತ್ತಿಗೆ ಮಾತ್ರ" ಅಂದ್ರೆ ಅಂತೂ ಬಿಲ್‌ಕುಲ್ ಬೇಡ. ಏಣಿ ಇಲ್ಲ ಅಂದ್ರೆ ನಮ್ಮನೇದು ತಗೊಂಡು ಹೋಗಿ. ಶುಕ್ರವಾರ ಸಂಜೆ ಮನೇಲೇ ಇರ್ತೀನಿ.

ಸೇವ್ ಮಾಡ್ಕೊಳ್ಳಿ, ಮನೇಲಿ ಓದಿ ಹೇಳಿ. ಜಗಳ ಇದ್ರೆ ಕಾಮೆಂಟ್‌ನಲ್ಲಿ ಬನ್ನಿ.

#ಸೂರುನೋಡಿ #ಟ್ರಾವೆಲ್‌ಟ್ರೈಲರ್ #ಕ್ಯಾಂಪಿಂಗ್ #ಮಿಷಿಗನ್‌ಕನ್ನಡಿಗರು #ಥಳುಕುಹುಳುಕು